ಬ್ಯಾರಿ ಆದ ಆಂಪ್ಲಿಫೈಯರ್

2017ರ ಬಜೆಟ್‌ನಾಗ 49 ಹೊಸ ತಾಲ್ಲೂಕು ಘೋಷಣೆ ಆದಾಗ ಜೇವರ್ಗಿಯಿಂದ ನಮ್ಮ ಯಡ್ರಾಮಿನೂ ಬ್ಯಾರಿ ಆಯ್ತು. ಆ ಗಾಳಿ ಮನ್ಯಾಗಿನ ಹಳೇ ಸ್ಟೀರಿಯೊ ಆಂಪ್ಲಿಫೈಯರ್‌ಗೂ ಬಡೀತು. ಡಬ್ಬಿ ಒಂದು, ಕಾರಭಾರ ಎರಡು. ಪ್ರಿಆಂಪ್ ಅನ್ನೋದು ವಾಲ್ಯೂಮ್, ಬಾಸ್, ಟ್ರೆಬಲ್ ತಿದ್ದಿ, ಒಂದು ವೋಲ್ಟಿನ ಆಸುಪಾಸಿನಾಗ ನಾಜೂಕಾಗಿ ಪಿಸುಗುಡತದ. ಪವರ್ ಆಂಪ್ ಅದನ್ನೇ 8 ಓಮ್ ಸ್ಪೀಕರಿಗೆ ಒದರಿ ಹೇಳತದ. ನಡುವಿನ ತಾಮ್ರದ ಗೆರಿ ಕೊಯ್ದು, ಎರಡೂ ತುದಿಗೆ ಆರ್‌ಸಿಎ ಸಾಕೆಟ್ ಕೂಡಿಸಿದ್ರ ಪಾಲು ಮುಗೀತು. ಹಳೇ ಜಪಾನಿ ಆಂಪ್ಲಿಫೈಯರ್ ಕೆಲವಕ್ಕ ಕಂಪನಿಯವರೇ ಹಿಂದ ಸಾಕೆಟ್ ಇಟ್ಟು ಲೋಹದ ಕೊಂಡಿ ಸಿಗಿಸಿ ಕಳಸ್ತಿದ್ರು. ಕೊಂಡಿ ಕಿತ್ತರ ಸಾಕು. ನಮ್ಮದಕ್ಕ ಆ ಪುಣ್ಯ ಇರಲಿಲ್ಲ.

ಖರೇ ತಕರಾರು ಅರ್ಥಿಂಗ್‌ದು. ಎರಡು ಡಬ್ಬಿಗೂ ಬ್ಯಾರೆ ಬ್ಯಾರೆ ಪವರ್ ಸಪ್ಲೈ ಕೊಟ್ಟು, ಎರಡನ್ನೂ ಅರ್ಥಿಂಗ್ ಮಾಡಿ, ಮ್ಯಾಲ ಆಡಿಯೊ ಕೇಬಲ್ ಜೋಡಿಸಿದ್ರ ಅರ್ಥಿಂಗ್ ಒಂದು ಸುತ್ತು ಹಾಕತದ. ಆ ಸುತ್ತಿನಾಗ ಕರೆಂಟಿನ 50 ಹರ್ಟ್ಸ್ ಹೊಕ್ಕು ಗುಂಯ್ ಅಂತದ. ಅರ್ಥಿಂಗ್ ವೈರ್ ಕಿತ್ತರ ಗುಂಯ್ ನಿಲ್ತದ ಅನ್ನೋ ಪಂಡಿತರು ಎಲ್ಲಾ ಊರಾಗೂ ಅದಾರ. ನಿಲ್ತದ, ಖರೇ; ಮುಂದ ಯಾವತ್ತೋ ಡಬ್ಬಿ ಮುಟ್ಟಿದಾಗ ನೀವೂ ನಿಲ್ತೀರಿ. ಎರಡೂ ಪ್ಲಗ್ ಒಂದೇ ಬೋರ್ಡಿಗೆ ಹಾಕಿದ ಮ್ಯಾಲ ಗುಂಯ್ ತಗ್ಗಿತು.

ಅವ್ವ ಬಂದು ಕಿವಿಗೊಟ್ಟು ಕೇಳಿದಳು. “ಡಬ್ಬಿ ಎರಡಾದ್ರೂ ಹಾಡು ಅದೇ ಹಳೇದೇ ಅದಲ್ಲೋ ಎಪ್ಪಾ?”