ತಟ್ಟೆ ಓಡಿಹೋದ ಮೇಲೆ

ಇಂಗ್ಲೆಂಡಿನ ಹಳೆಯ ಶಿಶುಗೀತೆ ಪುಸ್ತಕಗಳ ಚಿತ್ರ ಕಂಡೊಡನೆ ದೊಡ್ಡವರು ‘ಅಯ್ಯೋ, ಎಷ್ಟು ಮುದ್ದಾಗಿದೆ!’ ಎಂದು ಕರಗಿಬಿಡುತ್ತಾರೆ. ಕರಗಲಿ. ಆದರೆ ಮಕ್ಕಳಿಗೆ ಅಲ್ಲಿ ಸಿಕ್ಕುವ ಸುಖಕ್ಕೂ ಮುದ್ದಿಗೂ ದೂರದ ನೆಂಟಸ್ತನವಷ್ಟೇ; ಹತ್ತಿರದ ನೆಂಟಸ್ತನ ಅನಾಹುತದ ಜೊತೆ. ರ್ಯಾಂಡಾಲ್ಫ್ ಕಾಲ್ಡೆಕಾಟ್ 1882ರಲ್ಲಿ ‘ಹೇ ಡಿಡ್ಲ್ ಡಿಡ್ಲ್’ ಪದ್ಯಕ್ಕೆ ಬರೆದ ಚಿತ್ರಗಳನ್ನೇ ನೋಡಿ. ತಟ್ಟೆ ಮತ್ತು ಚಮಚ ಓಡಿಹೋಗುವುದರೊಂದಿಗೆ ಪದ್ಯ ಕೈತೊಳೆದುಕೊಳ್ಳುತ್ತದೆ. ಕಾಲ್ಡೆಕಾಟ್ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಓಡಿಹೋದರೆ ಮನೆಯವರು ಸುಮ್ಮನಿರುತ್ತಾರೆಯೇ? ಮಾತೇ ಇಲ್ಲದ ಇನ್ನೊಂದು ಚಿತ್ರದಲ್ಲಿ ತಟ್ಟೆ ಚೂರುಚೂರಾಗಿ ಬಿದ್ದಿದೆ; ಚಾಕು ಮತ್ತು ಫೋರ್ಕು, ಅಪ್ಪ ಅಮ್ಮನ ಠೀವಿಯಲ್ಲಿ, ಚಮಚವನ್ನು ನಡುವೆ ಹಿಡಿದು ಎಳೆದೊಯ್ಯುತ್ತಿವೆ. ಇಡೀ ಒಂದು ಸಾಂಸಾರಿಕ ಸಿನಿಮಾ, ಅದೂ ಅಡುಗೆಮನೆಯ ಪಾತ್ರೆಗಳ ಪಾತ್ರವರ್ಗದಲ್ಲಿ! ಮಕ್ಕಳಿಗೆ ಇಂಥ ದುರಂತವೇ ಎಂದು ಕೇಳುವವರಿದ್ದಾರೆ. ಒಡೆದ ತಟ್ಟೆಯನ್ನು ನೋಡಿ ಮರುಗುವವರು ಅದಕ್ಕೆ ದುಡ್ಡು ಕೊಟ್ಟವರು. ಒಡೆದ ಆರೋಪ ತನ್ನ ಮೇಲೆ ಬಾರದಿದ್ದರೆ ಮಗುವಿಗೆ ಅದೊಂದು ಹಬ್ಬ.

ಹಾಗಾದರೆ ಅದೇ ಕಾಲದ ಚಿತ್ರಗಾರ್ತಿ ಕೇಟ್ ಗ್ರೀನವೇಗೆ ಏನನ್ನುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದು. ಕಾಲ್ಡೆಕಾಟ್‌ನ ಪುಸ್ತಕಗಳನ್ನು ಮುದ್ರಿಸಿದ ಎಡ್ಮಂಡ್ ಇವಾನ್ಸನೇ 1881ರಲ್ಲಿ ಆಕೆಯ ‘ಮದರ್ ಗೂಸ್’ ಮುದ್ರಿಸಿದ. ಅಲ್ಲಿ ಅನಾಹುತಕ್ಕೆ ಜಾಗ ಕಡಿಮೆ, ಬಾನೆಟ್ಟಿಗೆ ಜಾಸ್ತಿ. ಆದರೆ ಆ ಚಿತ್ರಗಳ ಮಕ್ಕಳು ತೊಟ್ಟಿರುವುದು ಆಗಿನ ಉಡುಪಲ್ಲ, ಅವರ ಅಜ್ಜಿಯರ ಕಾಲದ್ದು. ಲಂಡನ್ನಿನ ಲಿಬರ್ಟಿ ಅಂಗಡಿ ಅದೇ ಮಾದರಿಯ ಬಟ್ಟೆಗಳನ್ನು ಮಾರಿತು. ಕೊಂಡವರು ಅಮ್ಮಂದಿರು, ಬಟ್ಟೆ ಕೊಳೆಯಾಗದಂತೆ ನಿಲ್ಲಬೇಕಾದವರು ಮಕ್ಕಳು. ಚಿತ್ರಗಳು ಸುಂದರ, ಅನುಮಾನವಿಲ್ಲ. ಆದರೆ ಅದು ಬಾಲ್ಯ ಕಳೆದುಕೊಂಡವರ ಸುಖ.

ಚಿತ್ರ ಬಂದರೆ ಕಲ್ಪನೆ ಸಾಯುತ್ತದೆ ಎಂಬ ತಕರಾರು ಇನ್ನೂ ಬಲವಾದದ್ದು. ಹಂಪ್ಟಿ ಡಂಪ್ಟಿ ಮೊಟ್ಟೆಯೆಂದು ಪದ್ಯದಲ್ಲಿ ಎಲ್ಲೂ ಇಲ್ಲ, ಅದೊಂದು ಒಗಟು. ಚಿತ್ರಗಾರರು ಉತ್ತರ ಬಯಲು ಮಾಡಿಬಿಟ್ಟರು, ಈಗ ನಮ್ಮ ಎಲ್‌ಕೆಜಿ ಮಕ್ಕಳಿಗೂ ಅದು ಗುಟ್ಟಲ್ಲ. ಒಗಟು ಹೋಯಿತು, ಒಪ್ಪಿದೆ. ಬದಲಿಗೆ 1871ರಲ್ಲಿ ಲೂಯಿಸ್ ಕ್ಯಾರಲ್‌ನ ಕಥೆಗಾಗಿ ಜಾನ್ ಟೆನಿಯಲ್ ಕೊಟ್ಟದ್ದು ಇನ್ನೂ ದೊಡ್ಡ ಸಮಸ್ಯೆ: ಕುತ್ತಿಗೆಯೇ ಇಲ್ಲದ ಮೊಟ್ಟೆ ಟೈ ಕಟ್ಟುವುದೆಲ್ಲಿ? ಈಗ ಗೋಡೆಗೆ ಅಂಟಿಸುವ ಚಾರ್ಟುಗಳಲ್ಲಿ ಆ ಮೊಟ್ಟೆ ಬೀಳುತ್ತಲೂ ನಗುತ್ತಿರುತ್ತದೆ. ಟೆನಿಯಲ್‌ನ ಮೊಟ್ಟೆಯೂ ನಗುತ್ತದೆ, ನಿಜ; ಆದರೆ ಅದು ಬೀಳುವ ಮೊದಲು. ಬಿದ್ದ ಮೇಲೂ ನಗುವ ಮೊಟ್ಟೆಗೆ ರಾಜನ ಕುದುರೆಗಳನ್ನು ಕರೆಸುವುದು ದಂಡ ಖರ್ಚು.