ಇರ್ಲಿ ಬರ್ರಿ, ಹಂಗೇ ಬರ್ರಿ

ಚನ್ನಗಿರಿಯ ಮನೆಯೊಂದರ ಬಾಗಿಲಲ್ಲಿ ಅತಿಥಿಯೊಬ್ಬರು ಒಂಟಿಕಾಲಲ್ಲಿ ನಿಂತಿದ್ದಾರೆ. ಎಡಗೈಯಲ್ಲಿ ಬಾಳೆಹಣ್ಣಿನ ಕವರು, ಬಲಗೈ ಬಾಗಿಲ ಚೌಕಟ್ಟಿನ ಮೇಲೆ. ಷೂ ಲೇಸಿಗೆ ಕಗ್ಗಂಟು ಬಿದ್ದಿದೆ, ಬಿಚ್ಚುವುದಕ್ಕೆ ಮೂರನೆಯ ಕೈ ಬೇಕು. ಒಳಗಿನಿಂದ ಯಜಮಾನರ ದನಿ: "ಇರ್ಲಿ ಬರ್ರಿ, ಹಂಗೇ ಬರ್ರಿ."

ಈ ಮಾತನ್ನು ನಂಬಬಾರದು.

ಇದು ಅನುಮತಿಯಲ್ಲ, ಉಪಚಾರ. ಊಟದ ಹೊತ್ತಿಗೆ ಹೋದವರಿಗೆ "ಊಟ ಮಾಡಾಣ ಬರ್ರಿ" ಅನ್ನುವುದು, ಹೋದವರು ಹಸಿದ ಹೊಟ್ಟೆಯಲ್ಲೇ "ಈಗ್ತಾನೆ ಆತು" ಎಂದು ಸುಳ್ಳು ಹೇಳುವುದು ಇದೆಯಲ್ಲ, ಅದರ ತಮ್ಮ. ಯಜಮಾನರು "ಹಂಗೇ ಬರ್ರಿ" ಅನ್ನಬೇಕು, ಬಂದವರು "ಛೇ ಛೇ" ಎನ್ನುತ್ತ ಕಳಚಬೇಕು. ಮೂರು ಸಲ ಅಂದರೂ ಕಳಚಬೇಕು. ಯಜಮಾನರು ಈ ಮಾತು ಆಡುವಾಗ ಅತಿಥಿಯ ಮುಖ ನೋಡುತ್ತಿರುತ್ತಾರೆ. ಅಡುಗೆಮನೆ ಬಾಗಿಲಲ್ಲಿ ನಿಂತ ಮನೆಯಾಕೆ ಅತಿಥಿಯ ಕಾಲು ನೋಡುತ್ತಿರುತ್ತಾರೆ. ತೀರ್ಪು ಬರುವುದು ಅಲ್ಲಿಂದ.

ಈ ಬರಹಗಾರ ಒಮ್ಮೆ ನಂಬಿ ಕೆಟ್ಟ. ಅಡಿಕೆ ರೇಟು ಚೆನ್ನಾಗಿದ್ದ ವರ್ಷ ಕಟ್ಟಿಸಿದ ಮನೆ, ಮುಖ ಕಾಣುವಂಥ ಗ್ರಾನೈಟ್ ನೆಲ. ಹಂಗೇ ಹೋಗಿ ಸೋಫಾದಲ್ಲಿ ಕೂತ. ಮನೆಯಾಕೆ ಒಂದು ಮಾತೂ ಆಡದೆ ಕಾಫಿ ತಂದುಕೊಟ್ಟರು. ಹಿಂದೆಯೇ ಒರೆಸುವ ಬಟ್ಟೆ ತಂದರು. ಬಾಗಿಲಿನಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಒರೆಸುತ್ತ ಸೋಫಾದ ತನಕ ಬಂದು, "ಸ್ವಲ್ಪ ಕಾಲೆತ್ತಿ ಅಣ್ಣ" ಅಂದರು. ಎರಡೂ ಕಾಲು ಗಾಳಿಯಲ್ಲಿ, ಲೋಟ ಕೈಯಲ್ಲಿ. ಆ ಕಾಫಿಗೆ ಸಕ್ಕರೆ ಹಾಕಿದ್ದರೋ ಇಲ್ಲವೋ ಅವನಿಗೆ ಇಂದಿಗೂ ನೆನಪಿಲ್ಲ.

ಹಾಗಂತ ಆಕೆಯನ್ನು ದೂರುವಂತಿಲ್ಲ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಗ್ಗಿ ಅಂದರೆ ಚೊಗರಿನ ಕಾಲ. ಸುಲಿದ ಅಡಿಕೆ ಬೇಯಿಸಿದಾಗ ಉಳಿಯುವ ಆ ಕಡುಗೆಂಪು ರಸ ಅಡಿಕೆಗೆ ಬಣ್ಣ ಕೊಡುವುದಕ್ಕೆ ಬೇಕೇಬೇಕು. ಆದರೆ ಅದು ಅಡಿಕೆಗೆ ಮಾತ್ರ ಹತ್ತುತ್ತೇನೆ ಎಂದು ಯಾರಿಗೂ ಮಾತು ಕೊಟ್ಟಿಲ್ಲ. ಕೈಗೆ, ಪಂಚೆಗೆ, ಚಪ್ಪಲಿಗೆ, ಚಪ್ಪಲಿಯ ಮೂಲಕ ಗ್ರಾನೈಟಿಗೆ ಹತ್ತುತ್ತದೆ.

ಚೊಗರಷ್ಟೇ ಅಲ್ಲ, ಮಣ್ಣಿನ ಕಥೆಯೂ ಇದೆ. 1997ರಲ್ಲಿ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಕಾಲಕ್ಕೆ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದ ಕಡೆಯಿಂದ ಬಂದವು, ಜಗಳೂರು ಚಿತ್ರದುರ್ಗದ ಕಡೆಯಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆ ಮನೆ ಮಾಡಿದ ತಾಲ್ಲೂಕು. ಬರುವಾಗ ಎಲ್ಲರೂ ತಂತಮ್ಮ ಮಣ್ಣನ್ನು ಕಾಲಿಗೆ ಅಂಟಿಸಿಕೊಂಡೇ ಬಂದರು. ಹೊನ್ನಾಳಿಯದು ತುಂಗಭದ್ರೆಯ ಮಗ್ಗುಲಿನ ಭತ್ತದ ಗದ್ದೆ ಕೆಸರು. ಒದ್ದೆಯಿದ್ದಾಗ ಜಾರುತ್ತದೆ, ಒಣಗಿದರೆ ಹಪ್ಪಳದಂತೆ ಚಕ್ಕೆಚಕ್ಕೆಯಾಗಿ ನಡುಮನೆಯಲ್ಲಿ ಉದುರುತ್ತದೆ. ಮಳೆ ಕಾಣದ ಜಗಳೂರಿನದು ಧೂಳು. ಇನ್ನು ಎರೆ ಹೊಲಕ್ಕೆ ಮಳೆ ಬಿದ್ದ ದಿನ ಚಪ್ಪಲಿ ಹಾಕಿಕೊಂಡು ಇಳಿದವನು ಹತ್ತು ಹೆಜ್ಜೆಗೆ ಒಂದೊಂದು ಗೇಣು ಎತ್ತರವಾಗುತ್ತ ಹೋಗುತ್ತಾನೆ; ಕೊನೆಗೆ ಚಪ್ಪಲಿ ಕೈಗೆ ಬರುತ್ತದೆ, ಕಾಲು ಬರಿದಾಗುತ್ತದೆ.

ಕಳಚಬೇಕೋ ಬೇಡವೋ ಎಂಬ ಪ್ರಶ್ನೆಯೇ ಹಿಂದಿನವರಿಗೆ ಇರಲಿಲ್ಲ. ಕಳಚಲು ಕಾಲಲ್ಲಿ ಏನಾದರೂ ಇರಬೇಕಲ್ಲ. ಹೆಚ್ಚಿನವರು ಬರಿಗಾಲಲ್ಲೇ ಬರುತ್ತಿದ್ದರು. ಕೆರ ಮೆಟ್ಟುವುದು ಹೊಲಕ್ಕೆ, ಕಾಡಿಗೆ, ದೂರದ ಸಂತೆಗೆ. ಹಾಗಾಗಿ ಅಂದಿನ ನಿಯಮ ಇದ್ದದ್ದು ಕಾಲಿಗೆ, ಕೆರಕ್ಕಲ್ಲ. ನೆಂಟರು ಬಂದರೆ ಮೊದಲು ಒಂದು ಚೊಂಬು ನೀರು. "ಕಾಲಿಗೆ ನೀರು ಕೊಡೇ" ಎಂದು ಅಜ್ಜಿ ಒಳಗೆ ಕೂಗಿದರೆ ಬಂದವರಿಗೆ ಮರ್ಯಾದೆ ಸಂದಾಯವಾದಂತೆ. ಹಿಮ್ಮಡಿಗೆ ಹಿಮ್ಮಡಿ ತಿಕ್ಕಿ, ಮಿಕ್ಕ ನೀರನ್ನು ಮುಖಕ್ಕೆ ಚಿಮುಕಿಸಿಕೊಂಡು, ಟವೆಲಿನಿಂದ ಒರೆಸಿಕೊಳ್ಳುತ್ತ ಒಳಗೆ ಬರುವವರ ಕಾಲು ಈಗಿನ ಯಾವ ಕಾಲುಚೀಲಕ್ಕಿಂತಲೂ ಚೊಕ್ಕಟವಾಗಿರುತ್ತಿತ್ತು.

ಒಳಗೆ ಬರಲೇಬೇಕೆಂದೂ ಇರಲಿಲ್ಲ. ಜಗಲಿ ಇತ್ತು. ಕೆರ ಬಿಡದೆ ಜಗಲಿ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಎತ್ತಿನ ವ್ಯಾಪಾರ, ಹೆಣ್ಣಿನ ಮಾತುಕತೆ, ಸೊಸೈಟಿ ಸಾಲ ಎಲ್ಲ ಮುಗಿಸಿ ಎದ್ದು ಹೋಗಬಹುದಿತ್ತು. ಇಂದಿನ ಮೂವತ್ತು ನಲವತ್ತು ಸೈಟಿನ ಮನೆಯಲ್ಲಿ ಜಗಲಿಯ ಜಾಗಕ್ಕೆ ಕಾರು ಬಂದಿದೆ. ಗೇಟು ದಾಟಿದರೆ ಬಂಪರು, ಬಂಪರು ದಾಟಿದರೆ ಷೂ ಸ್ಟ್ಯಾಂಡು, ಅದನ್ನು ದಾಟಿದರೆ ಸೀದಾ ಟಿ.ವಿ. ಮುಂದೆ. ನಡುವೆ ನಿಂತು ಯೋಚಿಸಲು ಜಾಗವಿಲ್ಲ. ಒಂಟಿಕಾಲಿನ ಅತಿಥಿ ಹುಟ್ಟಿದ್ದು ಅಲ್ಲಿ.

ಜಗಲಿಯ ಬಗ್ಗೆ ಹಾಡಿ ಹೊಗಳುವಾಗ ಒಂದು ಮಾತು ಮರೆಯಬಾರದು. ಕೆಲವರಿಗೆ ಆ ಜಗಲಿಯೂ ಇರಲಿಲ್ಲ. ಮೇಲುಜಾತಿಯವರ ಕೇರಿಯಲ್ಲಿ ಹಾಯುವಾಗ ಕೆರ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಜನ ಇದೇ ನಾಡಿನಲ್ಲಿ ಇದ್ದರು. ಹಲವು ಸಲ ಆ ಕೆರ ಹೊಲಿದವರೂ ಅವರೇ. ಅಲ್ಲಿ ಹೊರಗೆ ಬಿಡಿಸುತ್ತಿದ್ದದ್ದು ಧೂಳನ್ನಲ್ಲ.

ಇದಕ್ಕೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲೇ ಒಂದು ಉತ್ತರದ ಕಥೆಯಿದೆ. ಕೆರ ಹೊಲಿಯುವ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ಬಸವಣ್ಣನಿಗೆ ತಂದರೆ, ಮೆಟ್ಟುವ ಯೋಗ್ಯತೆ ತನಗಿಲ್ಲವೆಂದು ಬಸವಣ್ಣ ಅದನ್ನು ತಲೆಯ ಮೇಲಿಟ್ಟುಕೊಂಡನಂತೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಇಂದಿಗೂ ದೇವರಿಗೆಂದು ಹೊಲಿದ ದೊಡ್ಡ ಚರ್ಮದ ಪಾದುಕೆಗಳು ಗುಡಿಯ ಒಳಗಿವೆ; ಭಕ್ತರು ತಮ್ಮ ಚಪ್ಪಲಿಯನ್ನು ಹೊರಗೆ ಬಿಟ್ಟು ಹೋಗಿ ಆ ಪಾದುಕೆಗೆ ತಲೆಯೊಡ್ಡುತ್ತಾರೆ. ಭರತನಂತೂ ಅಣ್ಣನ ಪಾದುಕೆಯನ್ನು ಸಿಂಹಾಸನಕ್ಕೇ ಏರಿಸಿದ. ಅಂದರೆ ಪಾದರಕ್ಷೆ ಒಳಗೆ ಬರಬಾರದೆಂದು ನಮ್ಮಲ್ಲಿ ಯಾರೂ ಹೇಳಿಲ್ಲ. ಯಾರದು ಅನ್ನುವುದರ ಮೇಲೆ ಹೋಗುತ್ತದೆ.

ಇಂಗ್ಲಿಷರಿಗೂ ಇದೇ ತಲೆನೋವಾಗಿತ್ತು. 1862ರಲ್ಲಿ ಸೂರತ್ತಿನ ಕೋರ್ಟಿನಲ್ಲಿ ಪಾರ್ಸಿ ಗೃಹಸ್ಥರೊಬ್ಬರು ಷೂ ಕಳಚಲು ಒಪ್ಪದೆ ಅದೊಂದು ದೊಡ್ಡ ತಕರಾರೇ ಆಯಿತು. ಅತ್ತ ಬರ್ಮಾದಲ್ಲಿ ಕಥೆ ತಿರುಗಾಮುರುಗಾ. ಮಂಡಾಲೆಯಲ್ಲಿ ಮಿಂಡಾನ್ ದೊರೆಯ ಮುಂದೆ ಹೋಗುವವರು ಷೂ ಬಿಚ್ಚಿ ನೆಲದ ಮೇಲೆ ಕೂರಬೇಕು. 1875ರಲ್ಲಿ ಡಗ್ಲಾಸ್ ಫಾರ್ಸಿತ್ ಎಂಬ ರಾಯಭಾರಿ ಹಾಗೇ ಕೂತು ಬಂದ. ಇನ್ನುಮುಂದೆ ನಮ್ಮವರು ಬಿಚ್ಚಕೂಡದು ಎಂದು ಇಂಗ್ಲಿಷ್ ಸರ್ಕಾರದ ಅಪ್ಪಣೆಯಾಯಿತು, ಬಿಚ್ಚದವರಿಗೆ ಬಾಗಿಲಿಲ್ಲ ಎಂದು ದೊರೆ ಹೇಳಿದ. ಅಲ್ಲಿಗೆ ಮುಖಾಮುಖಿ ಮಾತೇ ನಿಂತಿತು. 1885ರಲ್ಲಿ ಯುದ್ಧವಾಗಿ ಆ ರಾಜ್ಯವೇ ಇಂಗ್ಲಿಷರ ಪಾಲಾಯಿತು. ಕಾರಣ ಷೂ ಅಲ್ಲ, ತೇಗದ ಮರದ ವ್ಯಾಪಾರದ ಜಗಳ ಇತ್ಯಾದಿ ಇತ್ತು. ಆದರೂ "ಇರ್ಲಿ ಬರ್ರಿ" ಅನ್ನುವ ಒಬ್ಬ ಯಜಮಾನ ಆ ಅರಮನೆಯಲ್ಲಿ ಇದ್ದಿದ್ದರೆ ಮಾತುಕತೆಯಾದರೂ ಮುಂದುವರಿಯುತ್ತಿತ್ತು.

ವಿಜ್ಞಾನ ಯಾರ ಪರ? 2008ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ತಜ್ಞ ಚಾರ್ಲ್ಸ್ ಗೆರ್ಬಾ ಷೂಗಳನ್ನು ಪರೀಕ್ಷಿಸಿ, ಒಂದು ಷೂನ ಹೊರಮೈಯಲ್ಲಿ ಸರಾಸರಿ 4,21,000 ಬ್ಯಾಕ್ಟೀರಿಯಾ ಘಟಕ ಕಂಡಿದ್ದಾಗಿ ಹೇಳಿದರು. ಮಲದಿಂದ ಬರುವಂಥ ಕೋಲಿಫಾರ್ಮ್ ಜಾತಿಯವು 96% ಷೂಗಳ ತಳದಲ್ಲಿದ್ದವು. ಅಡುಗೆಮನೆ ಬಾಗಿಲ ಪಕ್ಷಕ್ಕೆ ಗೆಲುವು. ಅಧ್ಯಯನಕ್ಕೆ ದುಡ್ಡು ಹಾಕಿದ್ದು ತೊಳೆಯಬಹುದಾದ ಷೂ ಮಾರುವ ಕಂಪನಿ ಎಂಬುದನ್ನು ಮಾತ್ರ ಮೆಲ್ಲಗೆ ಓದಿಕೊಳ್ಳಬೇಕು.

ಹೊರಗೆ ಮಾತ್ರ ಚಪ್ಪಲಿ ಇಲ್ಲದೆ ಆಗದು. ತೋಟದ ಹಸಿ ಮಣ್ಣಿನಲ್ಲಿ ಕೊಕ್ಕೆಹುಳದ ಮರಿಗಳಿದ್ದರೆ ಬರಿಗಾಲಿನ ಚರ್ಮ ಕೊರೆದು ಮೈಯೊಳಗೆ ಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಈಚೆಗೆ ಒಳಗೂ ಬೇಕು ಅನ್ನುವವರು ಬಂದಿದ್ದಾರೆ. ಸಕ್ಕರೆ ಕಾಯಿಲೆಯವರು ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು, ಅಂಗಾಲು ಜೋಮು ಹಿಡಿದಿದ್ದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗದು ಎಂದು ಡಾಕ್ಟರು ಹೇಳುತ್ತಾರೆ. ಅಂಥವರಿಗೆಂದೇ ಇರುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಹಾಕಿದ ದೊಡ್ಡಪ್ಪ ಹೊಸ್ತಿಲ ಮುಂದೆ ನಿಂತರೆ ಹಿಂದೆ ಡಾಕ್ಟರ ಚೀಟಿ, ಮುಂದೆ ಅರಿಶಿನ ಕುಂಕುಮ ಇಟ್ಟ ಹೊಸ್ತಿಲು. ಜಾಣ ಸೊಸೆಯರು ಮಾವನಿಗೊಂದು ಜೊತೆ, ಬರುವ ಮಾವನಂಥವರಿಗೆ ಇನ್ನೊಂದು ಜೊತೆ ಒಳಚಪ್ಪಲಿ ಇಟ್ಟಿರುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆ ಮನೆ ತಿರುಗಿದರು. ಮನೆಗೆ 60 ಪ್ರಶ್ನೆ. ದಿನಕ್ಕೆ ಎಷ್ಟು ಹೊಸ್ತಿಲೋ ಅಷ್ಟು ಸಲ ಬಗ್ಗಿ ಏಳುವುದು. ಲೇಸಿನ ಷೂ ಹಾಕಿದ ಮೇಷ್ಟರಿಗೆ ಮಧ್ಯಾಹ್ನದ ಹೊತ್ತಿಗೆ ಸೊಂಟ ಬೇರೆ, ತಾವು ಬೇರೆ. ಅವರಿಗೆ ಇದೇನು ಹೊಸದಲ್ಲ ಬಿಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರ ಒಂದು ಜೊತೆ ಕಪ್ಪು ಷೂ, ಎರಡು ಜೊತೆ ಕಾಲುಚೀಲ ಕೊಡುತ್ತದೆ. ನಲಿಕಲಿ ತರಗತಿಯ ಪುಟ್ಟ ಮಕ್ಕಳು ನೆಲದ ಮೇಲೆ ಕೂತು ಕಲಿಯುವವರಾದ್ದರಿಂದ ಷೂಗಳು ವರಾಂಡದಲ್ಲಿ. ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರ. ಬೆಲ್ ಹೊಡೆದ ಮೇಲೆ ಯಾರ ಎಡಗಾಲಿನದು ಯಾರ ಬಲಗಾಲಿಗೆ ಹೋಯಿತೆಂದು ಪಂಚಾಯ್ತಿ ಮಾಡುವ ಮೇಡಂಗೆ ಅರವತ್ತು ಪ್ರಶ್ನೆ ಯಾವ ಲೆಕ್ಕ.

ಗ್ರಾನೈಟ್ ಪ್ರಸಂಗದ ನಂತರ ಬರಹಗಾರ ಎಲ್ಲಿ ಹೋದರೂ ಗೇಟಿನಲ್ಲೇ ಷೂ ಬಿಚ್ಚತೊಡಗಿದ್ದ. ಹೊನ್ನಾಳಿಯ ಮನೆಯೊಂದರಲ್ಲಿ ಹಾಗೆ ಬಿಚ್ಚಿ ಒಳಗೆ ಹೋಗಿ ಚಾಪೆ ಮೇಲೆ ಕೂತ. ಹಿರಿಯರು ನಾಲ್ಕಾರು ಜನ ಇದ್ದರು, ಮಾತು ಗಂಭೀರವಾಗಿತ್ತು. ಮೂಲೆಯಲ್ಲಿ ಕೂತಿದ್ದ ಮಗು ಬಹಳ ಹೊತ್ತು ಅವನ ಕಾಲನ್ನೇ ನೋಡಿ, ಇಡೀ ಮನೆಗೆ ಕೇಳುವಂತೆ ಹೇಳಿತು: "ಅಜ್ಜೀ, ಮಾಮನ ಬೆಳ್ಳು ಹೊರಗ್ ಬಂದೈತೆ!" ಕಾಲುಚೀಲದ ತೂತಿನಿಂದ ಹೆಬ್ಬೆರಳು ನಿಜಕ್ಕೂ ಹೊರಗೆ ಬಂದು ಸಭೆ ನೋಡುತ್ತಿತ್ತು. ಅದನ್ನು ಮಡಚಿ ಒಳಗೆಳೆದುಕೊಳ್ಳುವ ಯತ್ನದಲ್ಲಿ ಅವನಿಗೆ ಮೀನಖಂಡ ಹಿಡಿದುಕೊಂಡಿತು.

ಅಲ್ಲಿಂದ ಷೂ ಬಿಟ್ಟು ನೀಲಿ ಪಟ್ಟಿಯ ಹವಾಯಿ ಚಪ್ಪಲಿಗೆ ಬಂದ. ಲೇಸಿಲ್ಲ, ಕಾಲುಚೀಲವಿಲ್ಲ, ಒಂದು ಕೊಡವಿಗೆ ಕಳಚಿ ಬೀಳುತ್ತದೆ. ಬಾಗಿಲ ಹೊರಗಿನ ಚಪ್ಪಲಿ ಓದುವುದನ್ನೂ ಕಲಿತ. ಎಂಟು ಜೊತೆಯಿದ್ದರೆ ಒಳಗೆ ನೆಂಟರಿದ್ದಾರೆ. ಒಂದು ಬೋರಲು ಬಿದ್ದಿದ್ದರೆ ಮನೆಯಲ್ಲಿ ಜಗಳವಾಗುತ್ತದೆ ಅನ್ನುತ್ತಾರೆ, ಕಾಲಲ್ಲೇ ಮಗುಚಿ ಸರಿಮಾಡಿ ಹೋಗಬೇಕು. ಪಾಲಿಷ್ ಮಾಡಿದ ಕಂದು ಷೂ ಇದ್ದರೆ ಬ್ಯಾಂಕಿನವರು ಬಂದಿದ್ದಾರೆ, ನಾಳೆ ಬರುವುದು ವಾಸಿ.

ಹೀಗೆ ಪಳಗಿದವನು ನ್ಯಾಮತಿಯಲ್ಲೊಂದು ಗೃಹಪ್ರವೇಶಕ್ಕೆ ಹೋದ. ಶಾಮಿಯಾನದ ಹೊರಗೆ ಇನ್ನೂರು ಮುನ್ನೂರು ಜೊತೆ, ಅದರಲ್ಲಿ ಅರ್ಧ ನೀಲಿ ಪಟ್ಟಿ. ಉಂಡು, ತಾಂಬೂಲ ಇಸಕೊಂಡು, ಎಲೆ ಅಡಿಕೆ ಜಗಿಯುತ್ತ ಬಂದು ಮೆಟ್ಟಿಕೊಂಡು ಬಸ್ ಹತ್ತಿದ. ಸವಳಂಗ ದಾಟುವಾಗ ಹಿಮ್ಮಡಿ ಹಿಂದೆ ಅರ್ಧ ಇಂಚು ರಬ್ಬರು ಮಿಕ್ಕಿರುವುದು ಕಂಡಿತು. ಬಲಗಾಲಿನ ಪಟ್ಟಿಗೆ ಯಾರೋ ಸೇಫ್ಟಿ ಪಿನ್ ಚುಚ್ಚಿದ್ದರು. ತಳದಲ್ಲಿ ಒಣಗಿದ ಚೊಗರು.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ತಡೆದಳು. ಯಾರದೋ ಕೆರ, ಷೂ ಸ್ಟ್ಯಾಂಡಿಗೂ ಬೇಡ, ಗೇಟಿನಾಚೆ ಇರಲಿ. ಎರಡು ತಿಂಗಳಿಂದ ಅದು ಅಲ್ಲೇ ಇದೆ. ಬೀದಿ ನಾಯಿ ಕೂಡ ಮೂಸಿ ನೋಡಿ ಬಿಟ್ಟುಹೋಯಿತು. ಮೊನ್ನೆ ಕೊರಿಯರ್ ಹುಡುಗ ಅದನ್ನು ಕಂಡು, ಒಳಗೆ ಯಾರೋ ಬಂದಿದ್ದಾರೆ ಅಂದುಕೊಂಡು ಬೆಲ್ ಮಾಡದೆ ಪಾರ್ಸೆಲ್ಲನ್ನು ಅದರ ಪಕ್ಕದಲ್ಲೇ ಇಟ್ಟು ಹೋಗಿದ್ದ.