ಹುಳಿಪುಡಿಗೆ ಓಂ ಶಾಂತಿ

ನನ್ನವಳ ಹುಳಿಪುಡಿಯ ವೆಬ್‌ಸೈಟಿಗೆ ಮೊದಲ ದಿನವೇ 32 ಪ್ರತಿಕ್ರಿಯೆ ಬಂದವು. 29 ‘ಓಂ ಶಾಂತಿ’, ಎರಡು ಜೋಡಿ ಮುಗಿದ ಕೈ, ಮತ್ತೆ ಹುಬ್ಬಳ್ಳಿಯ ಭಾವನಿಂದ ಒಂದು ‘ಅಯ್ಯೋ, ಯಾವಾಗ?’

ತಪ್ಪು ನನ್ನದೇ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮಗನ ಹತ್ತಿರ ಎಚ್‌ಟಿಎಂಎಲ್ ಕಲಿತೆ. ‘ಕಲಿತೆ’ ಎನ್ನುವುದು ನನ್ನ ಮಾತು, ಮಗ ಬೇರೆ ಕ್ರಿಯಾಪದ ಬಳಸುತ್ತಾನೆ. ಕಲಿತದ್ದನ್ನು ಮನೆಯವಳ ಮೇಲೆ ಪ್ರಯೋಗಿಸಿ, ಅವಳ ಪುಡಿ ವ್ಯಾಪಾರಕ್ಕೆ ಐದು ಪುಟದ ಸ್ಟ್ಯಾಟಿಕ್ ವೆಬ್‌ಸೈಟು ಮಾಡಿಕೊಟ್ಟೆ. ಸ್ಟ್ಯಾಟಿಕ್ ಅಂದರೆ ಹಿಂದೆ ಡೇಟಾಬೇಸು, ಗೀಟಾಬೇಸು ಏನೂ ಇಲ್ಲ. ಬೆಳಿಗ್ಗೆ ಕಲಸಿಟ್ಟ ಚಿತ್ರಾನ್ನದ ಹಾಗೆ, ಯಾರು ಬಂದರೂ ಅದೇ.

ಇಂಥ ಪುಟಕ್ಕೆ ಹೆಡ್ಡು, ಬಾಡಿ ಎಂದು ಎರಡು ಭಾಗ. ಬಾಡಿ ನಮ್ಮ ನಿಮ್ಮಂಥವರು ನೋಡುವುದಕ್ಕೆ. ಹೆಡ್ಡು ಗೂಗಲ್, ಫೇಸ್‌ಬುಕ್, ವಾಟ್ಸಾಪುಗಳ ಕಿವಿಯಲ್ಲಿ ಹೇಳುವ ಗುಟ್ಟು. ಲಿಂಕ್ ಕಳಿಸಿದ ತಕ್ಷಣ ಅದರ ನೆತ್ತಿಯ ಮೇಲೆ ಒಂದು ಫೋಟೋ, ಒಂದು ಶೀರ್ಷಿಕೆ, ಎರಡು ಸಾಲು ವಿವರ ಮೂಡುತ್ತದಲ್ಲ, ಅದೆಲ್ಲ ಹೆಡ್ಡಿನಲ್ಲಿ ಬರೆದಿಟ್ಟ ಮೆಟಾ ಟ್ಯಾಗುಗಳ ಕೃಪೆ. ಫೇಸ್‌ಬುಕ್ಕಿನವರು 2010ರಲ್ಲಿ ಓಪನ್ ಗ್ರಾಫ್ ಎಂದು ಶುರುಮಾಡಿದ ಈ ಪದ್ಧತಿಯನ್ನು ವಾಟ್ಸಾಪೂ ಓದುತ್ತದೆ.

ಬಾಡಿಗೆ ನಾನು ಎರಡು ವಾರ ಬೆನ್ನು ಬಗ್ಗಿಸಿದೆ. ಹೆಡ್ಡಿಗೆ ಎರಡು ನಿಮಿಷ. ಹೋದ ವರ್ಷ ದೊಡ್ಡಪ್ಪನ ವೈಕುಂಠ ಸಮಾರಾಧನೆಗೆಂದು ಒಂದು ಪುಟ ಮಾಡಿದ್ದೆ. ಅದರ ಹೆಡ್ಡನ್ನು ಎತ್ತಿ ಐದೂ ಪುಟಕ್ಕೆ ಅಂಟಿಸಿದೆ. ಟೈಟಲ್ ಬದಲಿಸಿದೆ ಎಂದು ಹೆಮ್ಮೆಯಿಂದ ಹೇಳಬಲ್ಲೆ. ಆದರೆ ಅದು ಬ್ರೌಸರಿನ ಮೇಲ್ಗಡೆ ಕಾಣುವ ಟೈಟಲ್. ಅದರ ಕೆಳಗೆ ಓಜಿ ಟೈಟಲ್, ಓಜಿ ಇಮೇಜ್, ಓಜಿ ಡಿಸ್ಕ್ರಿಪ್ಶನ್ ಎಂಬ ಮೂವರು ತೆಪ್ಪಗೆ ಕೂತಿದ್ದರು.

‘ನಮ್ಮ ಮನೆಯ ಹುಳಿಪುಡಿ, ಒಮ್ಮೆ ರುಚಿ ನೋಡಿ’ ಎಂದು ಬರೆದು ಬಂಧುಗಳ ಗ್ರೂಪಿಗೆ ಲಿಂಕ್ ಬಿಟ್ಟೆ. ಮೇಲೆ ಹಾರ ಹಾಕಿದ ದೊಡ್ಡಪ್ಪ ಬಂದು ನಿಂತರು. ‘ತಾವೆಲ್ಲರೂ ಬಂದು ತೀರ್ಥಪ್ರಸಾದ ಸ್ವೀಕರಿಸಬೇಕು.’

ನನ್ನವಳು ಸಟ್ಟುಗ ಹಿಡಿದೇ ಅಡುಗೆಮನೆಯಿಂದ ಬಂದಳು. ಫೋನು ನೋಡಿದಳು, ನನ್ನನ್ನು ನೋಡಿದಳು. “ರೀ, ತಲೆ ಒಬ್ಬರದ್ದು, ಮೈ ಇನ್ನೊಬ್ಬರದ್ದು ಅನ್ನೋದು ಗಣಪತಿಗೆ ಒಪ್ಪುತ್ತೆ. ನನ್ನ ಪುಡಿಗೆ ಬೇಡ.”

ಕೂಡಲೇ ತಿದ್ದಿದೆ. ಮತ್ತೆ ಕಳಿಸಿದೆ. ಮತ್ತೆ ದೊಡ್ಡಪ್ಪ. ಬದುಕಿದ್ದಾಗಲೂ ಅವರು ಬಂದರೆ ಬೇಗ ಹೊರಡುವ ಪೈಕಿ ಅಲ್ಲ. ಮಗ ಬಂದು, ಒಮ್ಮೆ ನೋಡಿದ್ದನ್ನು ಫೋನು ನೆನಪಿಟ್ಟುಕೊಂಡಿರುತ್ತದೆ, ಲಿಂಕಿನ ತುದಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ವಿ ಸಮ 2’ ಅಂತ ಸೇರಿಸು, ಹೊಸ ವಿಳಾಸ ಅಂದುಕೊಂಡು ಮತ್ತೆ ಓದುತ್ತೆ ಎಂದ. ಹಾಗೆ ಮಾಡಿದೆ, ದೊಡ್ಡಪ್ಪ ಹೋದರು. ಮೊದಲು ಕಳಿಸಿದ ಮೆಸೇಜಿನಲ್ಲಿ ಮಾತ್ರ ಈಗಲೂ ಇದ್ದಾರೆ. ಅಲ್ಲಿ ಅಂಟಿಕೊಂಡದ್ದು ಅಂಟಿಕೊಂಡಿತು.

ಇನ್ನು ಫೇಸ್‌ಬುಕ್. ಅದರ ಕಾರ್ಡು ಅಡ್ಡಡ್ಡ ಇರುವುದು, 1200 ಪಿಕ್ಸೆಲ್ ಅಗಲ, 630 ಎತ್ತರದ ಲೆಕ್ಕ. ನಾನು ಡಬ್ಬಿಯ ಫೋಟೋ ತೆಗೆದದ್ದು ಮೊಬೈಲನ್ನು ನೆಟ್ಟಗೆ ಹಿಡಿದು. ಅದು ಮೇಲೆ ಕೆಳಗೆ ಕತ್ತರಿ ಹಾಕಿತು. ಕತ್ತರಿ ಬಿದ್ದದ್ದು ಸರಿಯಾಗಿ ಲೇಬಲ್ಲಿನ ಅಕ್ಷರಗಳ ನೆತ್ತಿಗೆ, ಗುಡಿಸು ಅಷ್ಟೂ ಹಾರಿಹೋಯಿತು. ಹುಳಿಪುಡಿ ಹೋಗಿ ‘ಹುಳಪುಡ’ ಆಯಿತು. ‘ಹುಳ’ ಎಂದು ಬರೆದ ಡಬ್ಬಿಯ ತಿಂಡಿ ಸಾಮಾನನ್ನು ಜಗತ್ತಿಗೆ ತೋರಿಸಿದವರಲ್ಲಿ ನಾನೇ ಮೊದಲಿಗನಿರಬೇಕು. ಆ ರಾತ್ರಿ ಊಟಕ್ಕೆ ಹುಳಿ ಇರಲಿಲ್ಲ. ಮಜ್ಜಿಗೆ ಇತ್ತು.

ಪ್ರಾಯಶ್ಚಿತ್ತವಾಗಿ ಮಧ್ಯರಾತ್ರಿವರೆಗೆ ಕೂತು ಕೀವರ್ಡ್ ಬರೆದೆ. ಹುಳಿಪುಡಿ, ಸಾಂಬಾರ್ ಪುಡಿ, ಮನೆ ಪುಡಿ, ಅಜ್ಜಿ ಪುಡಿ (ಅಜ್ಜಿ ಎಂದೂ ಪುಡಿ ಮಾಡಿದವರಲ್ಲ), ಒಟ್ಟು 43. ರ‍್ಯಾಂಕಿಂಗಿಗೆ ಕೀವರ್ಡ್ ಟ್ಯಾಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆಯಂತೆ. ಮಗ ಇದನ್ನು ತಿಳಿಸಿದ್ದು ಬೆಳಿಗ್ಗೆ, ಕಾಫಿ ಹೀರುತ್ತ. ಡಿಸ್ಕ್ರಿಪ್ಶನ್ನನ್ನು ನನ್ನವಳು ಒಗ್ಗರಣೆ ಸಿಡಿಯುವಷ್ಟರಲ್ಲಿ ಹೇಳಿ ಬರೆಸಿದಳು: “ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಶನಿವಾರ ಹುರಿದು ಸೋಮವಾರ ಕಳಿಸುತ್ತೇವೆ.” ನಾನು ಬರೆದಿದ್ದ ‘ಪರಂಪರೆಯ ಸೊಗಡಿನ ದಿವ್ಯಾನುಭೂತಿ’ಯನ್ನು ಅವಳೇ ಅಳಿಸಿದಳು. ಗೂಗಲ್ ಇದನ್ನೇ ತೋರಿಸುತ್ತದೆ ಎಂಬ ಗ್ಯಾರಂಟಿ ಇಲ್ಲ. ಮನಸ್ಸು ಬಂದರೆ ಪುಟದಿಂದ ತಾನೇ ಬೇರೆ ಸಾಲು ಹೆಕ್ಕಿಕೊಳ್ಳುತ್ತದೆ.

ಆದರೆ ತೋರಿಸುವುದಿರಲಿ, ಮೂರು ವಾರವಾದರೂ ಗೂಗಲಿನಲ್ಲಿ ನಮ್ಮ ಸೈಟಿನ ಸುಳಿವೇ ಇಲ್ಲ. ವೆಬ್‌ಸೈಟಿನ ಹೆಸರನ್ನು ಅಕ್ಷರ ಬಿಡದೆ ಹೊಡೆದರೂ ಇಲ್ಲ. ಕಾಂಪಿಟೀಷನ್ ಜಾಸ್ತಿ ಎಂದು ನನ್ನವಳಿಗೆ ಗಂಭೀರವಾಗಿ ವಿವರಿಸಿದೆ. ಮಗ ಹೆಡ್ಡನ್ನು ತೆರೆದು ನೋಡಿ ನಗತೊಡಗಿದ. ಹಳೆಯ ಹೆಡ್ಡಿನ ಕೊನೆಯ ಸಾಲು ಉಳಿದುಕೊಂಡಿತ್ತು: ನೋಇಂಡೆಕ್ಸ್. ಅಂದರೆ, ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ. ಗೂಗಲ್ ಮಾಡಿಕೊಂಡು ಯಾರ್‍ಯಾರೋ ಸಮಾರಾಧನೆ ಊಟಕ್ಕೆ ಬಂದುಬಿಟ್ಟಾರು ಎಂದು ಆಗ ನಾನೇ ಹಾಕಿದ್ದೆ. ನನ್ನ ಜೀವಮಾನದಲ್ಲಿ ಹಾಕಿದ ಟ್ಯಾಗುಗಳಲ್ಲಿ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದು ಅದೊಂದೇ.

ಈಗ ಎಲ್ಲ ಸರಿಯಾಗಿದೆ. ಫೋಟೋ ಅಡ್ಡ ಇದೆ, ಗುಡಿಸು ಗುಡಿಸಿನ ಜಾಗದಲ್ಲಿದೆ. ಆರ್ಡರಿನ ವಿಚಾರ ಕೇಳಬೇಡಿ ಅನ್ನೋಣವೆಂದರೆ ಒಂದು ಬಂದಿದೆ. ಆ ಮೊದಲ ದಿನ ಗ್ರೂಪಿನಲ್ಲಿ ಅಷ್ಟೂ ಜನ ಕೈಮುಗಿದು ಮುಂದೆ ಹೋದಾಗ ಲಿಂಕನ್ನು ಒತ್ತಿ ನೋಡಿದವರು ದೊಡ್ಡಮ್ಮ ಒಬ್ಬರೇ. ಯಜಮಾನರ ಫೋಟೋ ಕಂಡು ಒತ್ತಿದರಂತೆ, ಒಳಗೆ ನೋಡಿದರೆ ಮೆಣಸಿನಕಾಯಿ. ಫೋನ್ ಮಾಡಿ, “ಅವರಿಗೂ ನಿನ್ನ ಹೆಂಡ್ತಿ ಮಾಡೋ ಹುಳಿ ಅಂದ್ರೆ ಪ್ರಾಣ ಕಣೋ, ಅರ್ಧ ಕೆಜಿ ಕಳಿಸು” ಅಂದರು.

ಫೋಟೋ ಬದಲಿಸಿದ ಮೇಲೆ ಇನ್ನೊಂದು ಆರ್ಡರು ಬಂದಿಲ್ಲ. ಹಳೆಯದನ್ನೇ ಮತ್ತೆ ಹಾಕೋಣವೇ ಎಂದು ನನ್ನವಳು ನಿನ್ನೆ ಕೇಳಿದಳು.